ಚಿಕ್ಕಮ್ಮನ ಕೋಳಿಗೂಡಿನ ಗಳ: ಕಟ್ಟಿದ್ದೂ ನಾನೇ, ಕೆಡಿಸಿದ್ದೂ ನಾನೇ

ಜನವರಿ ಕೊನೆಯ ವಾರ. ರೋಬಸ್ಟಾ ಕಾಫಿ ಕೊಯ್ಲಿನ ಗಡಿಬಿಡಿ. ಅಂಥ ಹೊತ್ತಲ್ಲಿ ಚಿಕ್ಕಮ್ಮನ ಫೋನ್ ಬಂತು. "ಎರಡು ಕೋಳಿ ಕುಂಟ್ತಾ ಇದಾವೆ ಕಣೋ. ಒಂದಂತೂ ಕಾಲೇ ಊರಲ್ಲ. ಏನಾದ್ರೂ ರೋಗ ಬಂತಾ ಅಂತ ಹೆದರಿಕೆ ಆಗ್ತಿದೆ. ಬಂದು ನೋಡಿ ಹೋಗು ಮಾರಾಯ."

ಚಿಕ್ಕಮ್ಮನ ಮನೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ, ತೋಟದ ಒಳಗೆ. ನಮ್ಮ ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ. ಹೋಗದೆ ಇರುವ ಹಾಗೂ ಇರಲಿಲ್ಲ, ಯಾಕೆಂದರೆ ಆ ಗೂಡು ಕಟ್ಟಿಕೊಟ್ಟವನು ನಾನೇ. ದೀಪಾವಳಿ ಕಳೆದ ಮೇಲೆ ಎರಡು ಭಾನುವಾರ ಕೂತು, ಕೊಟ್ಟಿಗೆಯ ಹಿಂದಿನ ಗೋಡೆಗೆ ಒತ್ತಿ, ಎಂಟು ಅಡಿ ಉದ್ದ ಆರು ಅಡಿ ಅಗಲದ ಗೂಡು ಮಾಡಿದ್ದೆ. ಮೇಲೆ ಹಳೇ ಮಂಗಳೂರು ಹೆಂಚು, ಮುಂದೆ ಜಾಲರಿ, ಕೆಳಗೆ ಸಿಮೆಂಟ್ ನೆಲ. ತೊಳೆಯೋಕೆ ಸುಲಭ ಅಂತ ಸಿಮೆಂಟ್ ಹಾಕಿಸಿದ್ದೂ ನನ್ನ ಬುದ್ಧಿಯೇ.

ಒಳಗೆ ಹದಿನೇಳು ಕೋಳಿ. ಅದರಲ್ಲಿ ನಾಲ್ಕು ಹಳೇ ನಾಟಿ ಹೇಂಟೆ. ಉಳಿದವು ಗಿರಿರಾಜ: ಹನ್ನೆರಡು ಹೇಂಟೆ, ಒಂದು ಹುಂಜ. ಸೆಪ್ಟೆಂಬರಿನಲ್ಲಿ ಒಂದು ತಿಂಗಳ ಮರಿಗಳಾಗಿ ತಂದಿದ್ದು. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ತಳಿ. ಹಿತ್ತಲಲ್ಲಿ ಮೇಯುತ್ತದೆ, ಕಾಯಿಲೆ ತಡೆದುಕೊಳ್ಳುತ್ತದೆ, ಮೈ ಚೆನ್ನಾಗಿ ತುಂಬಿಕೊಳ್ಳುತ್ತದೆ. ಈ ಮೈ ತುಂಬಿಕೊಳ್ಳುವುದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತದ್ದು ಅದನ್ನೇ.

ಗೂಡಿನಲ್ಲಿ ಕೋಳಿ ಕೂರೋಕೆ ಎರಡು ಬಿದಿರಿನ ಗಳ ಕಟ್ಟಿದ್ದೆ. ಒಂದು ನೆಲದಿಂದ ಮೂರು ಅಡಿ ಎತ್ತರ, ಅದರ ಹಿಂದೆ ಗೋಡೆಯ ಕಡೆ ಇನ್ನೊಂದು ನಾಲ್ಕೂವರೆ ಅಡಿ. ಪಕ್ಕದ ಗೋಡೆಗೆ ಎರಡು ಅಡಿ ಎತ್ತರದಲ್ಲಿ ಮೊಟ್ಟೆ ಇಡೋಕೆ ಮೂರು ಮರದ ಪೆಟ್ಟಿಗೆ. ಚಿಕ್ಕಮ್ಮನ ಹಳೇ ಒಡ್ಡಿಯಲ್ಲಿ ಇದ್ದದ್ದೂ ಹೀಗೇ, ಬಿದಿರು, ಎತ್ತರದಲ್ಲಿ. ಅಲ್ಲಿ ಇಪ್ಪತ್ತು ವರ್ಷ ನಾಟಿ ಕೋಳಿ ಮಲಗಿವೆ, ಒಂದೂ ಕುಂಟಿರಲಿಲ್ಲ. ಅದನ್ನೇ ನೋಡಿ ನಾನೂ ಕಟ್ಟಿದೆ.

ಮೊದಲು ಮಾಡಿದ ಕೆಲಸ, ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ಗೂಡಿನೊಳಗೆ ಹೋಗಿದ್ದು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಿಡಿದರೆ ಗಲಾಟೆ ಮಾಡುವುದಿಲ್ಲ. ಒಂದೊಂದನ್ನೇ ಎತ್ತಿ ಮಡಿಲಲ್ಲಿ ಮಲಗಿಸಿಕೊಂಡು ಪಾದ ನೋಡಿದೆ. ಚಿಕ್ಕಮ್ಮ ಪಕ್ಕದಲ್ಲಿ ಬಿಸಿನೀರು, ಬಟ್ಟೆ ಹಿಡಿದುಕೊಂಡು ನಿಂತಿದ್ದರು. ಹದಿಮೂರು ಗಿರಿರಾಜದಲ್ಲಿ ಐದಕ್ಕೆ ಅಂಗಾಲಿನಲ್ಲಿ ತೊಂದರೆ. ಮೂರಕ್ಕೆ ಸುಮ್ನೆ ಚರ್ಮ ದಪ್ಪಗಾಗಿ ಕೆಂಪಾಗಿತ್ತು. ಕುಂಟುತ್ತಿದ್ದ ಎರಡಕ್ಕೆ ಪಾದದ ನಡುವಿನ ಮೆತ್ತೆಯಲ್ಲಿ ಹುರುಳಿಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಊತ, ಮುಟ್ಟಿದರೆ ಬಿಸಿ. ನಾಲ್ಕು ನಾಟಿ ಕೋಳಿಗಳ ಪಾದ ಮಾತ್ರ ಸೊಗಸಾಗಿತ್ತು.

ಇದು ಪಾದದ ಬಾವು. ಅಂಗಾಲಿನ ಚರ್ಮ ಜಜ್ಜಿ ಅಥವಾ ಗೀರಿ ಸಣ್ಣ ಗಾಯ ಆಗುತ್ತದೆ. ಹಿಕ್ಕೆ ತುಳಿದ ಕಾಲಿನ ಆ ಗಾಯದೊಳಗೆ ರೋಗಾಣು ಸೇರುತ್ತದೆ, ಹೆಚ್ಚಾಗಿ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಒಳಗೆ ಕೀವು ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಒಂದರಿಂದ ಒಂದಕ್ಕೆ ಹಬ್ಬುವ ಸಾಂಕ್ರಾಮಿಕ ಅಲ್ಲ. ಹಾಗಾಗಿ ಒಂದೇ ಗೂಡಲ್ಲಿ ಐದಕ್ಕೆ ಬಂದಿದೆ ಎಂದರೆ, ಐದೂ ಒಂದೇ ಕಡೆ ಪೆಟ್ಟು ತಿನ್ನುತ್ತಿವೆ ಎಂದು ಅರ್ಥ.

ಆವತ್ತೇ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮೂರು ಹೇಂಟೆ ಗಳದ ಮೇಲೆ ಇರಲೇ ಇಲ್ಲ, ಮೊಟ್ಟೆ ಪೆಟ್ಟಿಗೆಯಲ್ಲಿ ಮುದುರಿ ಮಲಗಿದ್ದವು. ಪೆಟ್ಟಿಗೆ ತುಂಬ ಹಿಕ್ಕೆ. ಇನ್ನೇನು ಮೊಟ್ಟೆ ಇಡಲು ಶುರು ಮಾಡುವ ಕೋಳಿ, ಇಡುವ ಮೊಟ್ಟೆಯೆಲ್ಲ ಗಲೀಜಾಗುವುದು ಗ್ಯಾರಂಟಿ. ಬಿದಿರಿನ ಗಳವನ್ನು ಬಿಳಿ ಬಟ್ಟೆಯಿಂದ ಅಡಿಗಡೆ ಒರೆಸಿ ನೋಡಿದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ರಕ್ತದ ಗೆರೆ. ಗಳ ಒಡೆದಿದ್ದ ಕಡೆ, ಕಟ್ಟಿದ ಹಗ್ಗದ ಕೆಳಗೆ, ಟೊಳ್ಳಾದ ತುದಿಯ ಒಳಗೆ, ಸಾಸಿವೆಗಿಂತ ಸಣ್ಣ ಹೇನು ಗುಂಪುಗುಂಪಾಗಿ ಹರಿದಾಡುತ್ತಿತ್ತು. ಕೋಳಿ ಹೇನು ಅಂತಲೇ ಎಲ್ಲರೂ ಕರೆಯುವುದು. ಆದರೆ ಅದು ಎಂಟು ಕಾಲಿನದು, ಉಣ್ಣಿಯ ಸಂಬಂಧಿ. ಹಗಲೆಲ್ಲ ಗಳದ ಬಿರುಕಲ್ಲಿ ಅಡಗಿದ್ದು, ರಾತ್ರಿ ಕೋಳಿ ಕೂತ ಮೇಲೆ ಕಾಲಿನಿಂದ ಹತ್ತಿ ರಕ್ತ ಹೀರಿ ವಾಪಸ್ ಹೋಗುತ್ತದೆ. ಹಗಲಲ್ಲಿ ಕೋಳಿ ಹಿಡಿದು ಎಷ್ಟು ಹುಡುಕಿದರೂ ಮೈಮೇಲೆ ಒಂದೂ ಸಿಗಲಿಕ್ಕಿಲ್ಲ. "ಅದಕ್ಕೇ ನಂಗೆ ಬೆಳಿಗ್ಗೆ ಮೊಟ್ಟೆ ನೋಡೋಕೆ ಹೋದ್ರೆ ಕೈಯೆಲ್ಲಾ ತುರಿಕೆ" ಅಂದರು ಚಿಕ್ಕಮ್ಮ.

ಹೇನು ಸಿಕ್ಕ ಖುಷಿಯಲ್ಲಿ ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ತಪ್ಪೆಲ್ಲ ಬಿದಿರಿನದು! ಟೊಳ್ಳು, ಬಿರುಕು, ಹೇನಿನ ಮನೆ. ಮಾರನೇ ದಿನ ಎರಡೂ ಗಳ ಬಿಚ್ಚಿ ಒಲೆಗೆ ಹಾಕಿದೆವು. ಪೆಟ್ಟಿಗೆಗಳ ಸಂದಿಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಗೋಡೆಗೆ ಸುಣ್ಣ ಬಳಿದೆವು. ಇದನ್ನೇ ಒಂದು ವಾರ ಬಿಟ್ಟು ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ ಮಾಡಿದೆವು. ಯಾಕೆಂದರೆ ಬೆಚ್ಚಗಿನ ಕಾಲದಲ್ಲಿ ಹೇನಿನ ಮೊಟ್ಟೆ ಒಡೆದು ಮರಿ ದೊಡ್ಡದಾಗಲು ಸುಮಾರು ಒಂದು ವಾರ ಸಾಕು. ಒಂದೇ ಸಲ ಮಾಡಿ ಸುಮ್ಮನಾದರೆ ಉಳಿದ ಮೊಟ್ಟೆಯಿಂದ ಮತ್ತೆ ಅಷ್ಟೇ ಸೈನ್ಯ. ಗೂಡು ಒಂದಷ್ಟು ದಿನ ಖಾಲಿ ಬಿಟ್ಟರೆ ಹೋಗುತ್ತದೆ ಎಂಬ ಮಾತೂ ನಂಬುವಂಥದ್ದಲ್ಲ. ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ ಅದು. ಕೋಳಿಗಳಿಗೆ ಒಂದು ಮೂಲೆಯಲ್ಲಿ ಒಲೆ ಬೂದಿ, ಒಣ ಮಣ್ಣು ಕಲಸಿ ಹೊರಳಾಡೋಕೆ ಇಟ್ಟೆವು.

ಇಷ್ಟೆಲ್ಲ ಸರಿಯೇ. ಗಳದ ಜಾಗಕ್ಕೆ ನಾನು ತಂದದ್ದು ಏನು ಗೊತ್ತಾ? ಪಂಪ್ ಮನೆಯಲ್ಲಿ ಬಿದ್ದಿದ್ದ ಜಿಐ ಪೈಪ್, ಅಂದರೆ ಸತು ಲೇಪದ ಕಬ್ಬಿಣದ ಕೊಳವೆ. ಬಿರುಕಿಲ್ಲ, ಹೇನಿಗೆ ಜಾಗ ಇಲ್ಲ, ನೂರು ವರ್ಷ ಬಾಳುತ್ತದೆ ಅಂತ ಜಂಬದಿಂದ ಅದೇ ಎತ್ತರಕ್ಕೆ ಕೂರಿಸಿದೆ.

ಹನ್ನೊಂದು ದಿನಕ್ಕೆ ಮತ್ತೆ ಫೋನ್. ಮೂರನೇ ಕೋಳಿ ಕುಂಟುತ್ತಿದೆ.

ಈ ಸಲ ರಾತ್ರಿ ಅಲ್ಲೇ ಉಳಿದೆ. ಸಂಜೆ ಕೋಳಿ ಹತ್ತುವುದನ್ನೂ ನೋಡಿದೆ, ಬೆಳಿಗ್ಗೆ ಇಳಿಯುವುದನ್ನೂ ನೋಡಿದೆ. ಮೊದಲ ಸಲವೇ ಮಾಡಬೇಕಾಗಿದ್ದ ಕೆಲಸ ಇದು. ಕೋಳಿ ಕೂತಿರುವುದನ್ನು ನೋಡಿ ಗಳ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಕೂತ ಕೋಳಿಗೆ ಯಾವ ಗಳವಾದರೂ ನಡೆಯುತ್ತದೆ.

ಸಂಜೆ ಆರೂವರೆ. ಮೊದಲು ಹುಂಜ, ಹಿಂದೆ ಹೇಂಟೆಗಳು. ನೆಲದಿಂದ ಮೊಟ್ಟೆ ಪೆಟ್ಟಿಗೆಯ ತುಟಿಗೆ ಒಂದು ನೆಗೆತ, ಅಲ್ಲಿಂದ ಪೆಟ್ಟಿಗೆಯ ತಲೆಗೆ, ಅಲ್ಲಿಂದ ಕೆಳಗಿನ ಗಳಕ್ಕೆ, ಅಲ್ಲಿಂದ ಮೇಲಿನ ಗಳಕ್ಕೆ. ಮೆಟ್ಟಿಲು ಹತ್ತಿದ ಹಾಗೆ ಆರಾಮಾಗಿ ಹೋದವು. ಎಲ್ಲಕ್ಕೂ ಮೇಲಿನ ಗಳವೇ ಬೇಕು. ಎಂಟು ಅಡಿ ಗಳದಲ್ಲಿ ಈ ಗಾತ್ರದ ಕೋಳಿ ಎಂಟೋ ಒಂಬತ್ತೋ ಹಿಡಿಸುತ್ತದೆ. ಹದಿನೇಳೂ ಅಲ್ಲೇ ನುಗ್ಗಿದರೆ? ಕುಕ್ಕಾಟ, ತಳ್ಳಾಟ. ಸೋತ ಮೂರು ಹೇಂಟೆ ಕೆಳಗಿನ ಗಳಕ್ಕೂ ಬರದೆ ನೇರ ಪೆಟ್ಟಿಗೆ ಸೇರಿದವು. ಪೆಟ್ಟಿಗೆಯಲ್ಲಿ ಮಲಗುವ ಚಾಳಿ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು.

ಬೆಳಿಗ್ಗೆ ಆರೂಕಾಲಿಗೆ ಚಿಕ್ಕಮ್ಮ ನುಚ್ಚಿನ ಪಾತ್ರೆ ಹಿಡಿದು ಬಂದರು. ಬಾಗಿಲು ತೆಗೆದು, "ಬಾ ಬಾ ಬಾ ಬಾ" ಅಂತ ಒಂದು ಹಿಡಿ ನುಚ್ಚು ಬಾಗಿಲ ಬುಡಕ್ಕೆ ಎರಚಿದರು. ಅಷ್ಟೇ. ಮೇಲಿನ ಗಳದಿಂದ ಒಂದರ ಹಿಂದೆ ಒಂದು ದೊಪ್ ದೊಪ್ ದೊಪ್. ಸಂಜೆ ನಾಲ್ಕು ಮೆಟ್ಟಿಲಲ್ಲಿ ಹತ್ತಿದ ಕೋಳಿ ಬೆಳಿಗ್ಗೆ ಒಂದೇ ನೆಗೆತಕ್ಕೆ ಬಾವಿಗೆ ಹಾರಿದ ಹಾಗೆ ಇಳಿಯುತ್ತಿತ್ತು. ಮುಂದಕ್ಕೆ ಹಾರಿ ಇಳಿಯೋಣ ಅಂದರೆ ಎದುರಿಗೆ ಕೆಳಗಿನ ಗಳ, ಅದರ ಮುಂದೆ ಮೇವಿನ ತೊಟ್ಟಿ, ನೀರಿನ ಡಬ್ಬ. ಉಳಿದ ಖಾಲಿ ಜಾಗ ಎರಡೂವರೆ ಅಡಿ ಇದ್ದರೆ ಹೆಚ್ಚು. ಹಾಗಾಗಿ ಹೆಚ್ಚು ಕಡಿಮೆ ನೇರ ಕೆಳಕ್ಕೆ, ಸಿಮೆಂಟ್ ನೆಲಕ್ಕೆ ಬೀಳುತ್ತಿದ್ದವು. ಮೇಲೆ ಹಾಸಿದ್ದ ಹೊಟ್ಟು ಒಂದು ಬೆರಳು ದಪ್ಪವೂ ಇರಲಿಲ್ಲ. ಪೈಪಿನ ಮೇಲೆ ಬೆಳಗಿನ ಇಬ್ಬನಿಯ ಪಸೆ ಬೇರೆ. ಒಂದು ಹೇಂಟೆ ನೆಗೆಯಲು ಕಾಲು ಒತ್ತಿದಾಗಲೇ ಜಾರಿ, ರೆಕ್ಕೆ ಬಿಚ್ಚುವ ಮೊದಲೇ ಎದೆ ಬಡಿದು ಬಿತ್ತು.

ನಾಟಿ ಹೇಂಟೆಗಳು ಅದೇ ಎತ್ತರದಿಂದ ರೆಕ್ಕೆ ಬಡಿದು, ಎಲ್ಲರ ತಲೆ ಮೇಲೆ ಹಾದು, ಬಾಗಿಲ ಹೊರಗೆ ಅಂಗಳದಲ್ಲಿ ಇಳಿದವು.

ಅಡುಗೆಮನೆ ತಕ್ಕಡಿ ತಂದು ಚೀಲದಲ್ಲಿ ಹಾಕಿ ತೂಗಿದೆ. ನಾಟಿ ಹೇಂಟೆ 1.3 ಕೆಜಿ. ಕುಂಟುವ ಗಿರಿರಾಜ ಹೇಂಟೆ 2.8 ಕೆಜಿ. ತೂಕ ಎರಡರಷ್ಟು, ರೆಕ್ಕೆ ಎರಡರಷ್ಟಿಲ್ಲ. ಹತ್ತುವಾಗ ಮೆಟ್ಟಿಲು ಸಿಕ್ಕಿತು ಅಂತ ಹತ್ತುತ್ತದೆ, ಇಳಿಯುವಾಗ ತೂಕವೇ ಇಳಿಸುತ್ತದೆ. ನಾನು ಗಳ ಕಟ್ಟುವಾಗ ಹತ್ತುವುದನ್ನಷ್ಟೇ ಯೋಚಿಸಿದ್ದೆ.

ಎದೆಮೂಳೆಯ ಬಗ್ಗೆಯೂ ಒಂದು ಮಾತು. ಕೋಳಿಯ ಎದೆಯ ನಡುವೆ ದೋಣಿಯ ಅಡಿಯ ಹಾಗೆ ಚಾಚಿರುವ ಮೂಳೆ ಇದೆಯಲ್ಲ, ಎತ್ತರದಿಂದ ಬಿದ್ದು ಏಟು ತಿಂದರೆ ಅದು ಬಿರುಕು ಬಿಡುತ್ತದೆ. ಮೊಟ್ಟೆ ಇಡುವ ಕೋಳಿ ಚಿಪ್ಪಿಗೆ ಬೇಕಾದ ಸುಣ್ಣವನ್ನು ಮೂಳೆಯಿಂದಲೂ ತೆಗೆಯುವುದರಿಂದ ಅದರ ಮೂಳೆ ಇನ್ನೂ ಮೆದು. ಆ ಬೆಳಿಗ್ಗೆ ಎದೆ ಬಡಿದು ಬಿದ್ದ ಹೇಂಟೆಯ ಮೂಳೆಯ ಅಂಚು ಬೆರಳು ಆಡಿಸಿದರೆ ಒಂದು ಕಡೆ ಸೊಟ್ಟ ಸಿಗುತ್ತಿತ್ತು. ಮೊದಲೇ ಆಗಿದ್ದೋ ಆವತ್ತೇ ಆಗಿದ್ದೋ ಹೇಳಲಾರೆ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಲು ಆವತ್ತಿನಿಂದ ಶುರು ಮಾಡಿದೆವು.

ಗಳ ಕೆಳಗೆ ತರಬೇಕು ಅಂದಾಗ ಚಿಕ್ಕಮ್ಮ ಒಪ್ಪಲಿಲ್ಲ. "ಕೆಳಗೆ ಕೂರಿಸಿದ್ರೆ ಕಾಡುಬೆಕ್ಕಿಗೆ ತಟ್ಟೇಲಿ ಇಟ್ಟು ಕೊಟ್ಟ ಹಾಗೆ" ಅಂದರು. ಸುಮ್ನೆ ಹೇಳಿದ ಮಾತಲ್ಲ. ಹಿಂದೆ ಎರಡು ಸಲ ಅವರ ಒಡ್ಡಿಗೆ ಪುನುಗು ನುಗ್ಗಿದೆ. ಕಾಫಿ ಹಣ್ಣು ತಿನ್ನುವ ಪುನುಗು ಕೋಳಿಯನ್ನೂ ಬಿಡುವುದಿಲ್ಲ. ಕೋಳಿಗೆ ಎತ್ತರ ಬೇಕು ಎನ್ನಿಸುವುದು ಹುಟ್ಟುಗುಣ. ತೋಟದ ಅಂಚಿನ ಕಾಡುಕೋಳಿಗಳು ಈಗಲೂ ರಾತ್ರಿ ಮರದ ಮೇಲೇ. ಆದರೆ ಮರಕ್ಕೆ ಜಾಲರಿ ಇಲ್ಲ, ಗೂಡಿಗೆ ಇದೆ. ಗೂಡಿನೊಳಗೆ ಕೋಳಿಯನ್ನು ಕಾಯಬೇಕಾದದ್ದು ಜಾಲರಿ. ನಮ್ಮ ಜಾಲರಿ ನೋಡಿದರೆ ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ, ಕೈಯಲ್ಲೇ ಹರಿಯಬಹುದು. ಕೆಳಗಿನ ಎರಡು ಅಡಿಗೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ತಂದು ಹೊಡೆದೆವು. ಗಳವನ್ನು ಜಾಲರಿಯಿಂದ ದೂರ, ಗೋಡೆಯ ಕಡೆಗೇ ಉಳಿಸಿಕೊಂಡೆವು. ಜಾಲರಿಗೆ ಒತ್ತಿ ಮಲಗಿದ ಕೋಳಿಯ ಕಾಲನ್ನೋ ಕತ್ತನ್ನೋ ಹೊರಗಿನಿಂದಲೇ ಹಿಡಿದೆಳೆಯುವ ಪ್ರಾಣಿಗಳಿವೆ. ಇಷ್ಟಾದ ಮೇಲೆ ಚಿಕ್ಕಮ್ಮ "ನೋಡಣ" ಅಂದರು. ಅವರ "ನೋಡಣ" ಅಂದರೆ ಅರ್ಧ ಒಪ್ಪಿಗೆ.

ಇನ್ನು ಮರ. ಇಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆ.

ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಮನೆಯಲ್ಲೇ ರಾಶಿ ಇತ್ತು. ಅಗಲ ಇದೆ, ಗಟ್ಟಿ ಇದೆ. ಆದರೆ ಅಂಚಿನಲ್ಲಿ ಕೈ ಆಡಿಸಿದರೆ ಸಿಬರು. ನಮ್ಮ ಕೈಗೇ ಚುಚ್ಚುವ ಸಿಬರು ಕೋಳಿ ಅಂಗಾಲಿಗೆ ರಾತ್ರಿಯಿಡೀ ಚುಚ್ಚಿದರೆ ಪಾದದ ಬಾವು ಬರಲು ನಾವೇ ಬಾಗಿಲು ತೆಗೆದ ಹಾಗೆ. ಬೇಡ ಅಂದೆ. ಪಿವಿಸಿ ಪೈಪ್ ಜಿಐ ಪೈಪಿನ ತಮ್ಮ, ಅದೂ ಜಾರುತ್ತದೆ. ಉಳಿದದ್ದು ಸಿಲ್ವರ್ ಮರ (ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್) ಮತ್ತು ಕಾಫಿ ಕೊಂಬೆ.

ಸಿಲ್ವರ್ ಮರದ ಎರಡೂವರೆ ಇಂಚು ಅಗಲ, ಎರಡು ಇಂಚು ದಪ್ಪದ ಎರಡು ರೀಪರ್ ಸಿಕ್ಕಿತು, ಎಂಟೆಂಟು ಅಡಿ. ಬಡಗಿ ಹತ್ತರಿ ಹೊಡೆದು ನುಣ್ಣಗೆ ಮಾಡಿದ. ಮೇಲಿನ ಎರಡೂ ಅಂಚನ್ನು ಗುಂಡಗೆ ಇಳಿಸಲು ಹೇಳಿದೆ. ಮೇಲ್ಮುಖ ಚಪ್ಪಟೆ, ಅಂಚು ಗುಂಡು. ಭಾರದ ಕೋಳಿಗೆ ಇದು ಮುಖ್ಯ ಅಂತ ನನ್ನ ಲೆಕ್ಕ. ತೆಳ್ಳನೆಯ ದುಂಡು ಗಳದಲ್ಲಿ ಇಡೀ ಮೈಭಾರ ಅಂಗಾಲಿನ ನಡುವಿನ ಒಂದು ಗೆರೆಯ ಮೇಲೆ ಬೀಳುತ್ತದೆ. ಚಪ್ಪಟೆಯಾಗಿದ್ದರೆ ಪಾದ ಪೂರ್ತಿ ಊರಿಕೊಂಡು ಭಾರ ಹಂಚಿಹೋಗುತ್ತದೆ, ಬೆರಳು ಮಾತ್ರ ಅಂಚಿನ ಮೇಲೆ ಬಾಗಿ ಹಿಡಿದುಕೊಳ್ಳುತ್ತವೆ. ಅಂಚು ಚೂಪಾಗಿ ಬಿಟ್ಟರೆ ಮತ್ತೆ ಅಲ್ಲೇ ಗಾಯ. ಅಂಚನ್ನು ಉಜ್ಜು ಕಾಗದದಿಂದ ನಾನೇ ಇನ್ನೊಮ್ಮೆ ತಿಕ್ಕಿದೆ, ಅಂಗೈ ಒತ್ತಿ ಎಳೆದರೆ ಎಲ್ಲೂ ತಡೆಯಬಾರದು ಅನ್ನುವಷ್ಟು. ಬಣ್ಣ, ವಾರ್ನಿಷ್ ಏನೂ ಹಚ್ಚಲಿಲ್ಲ. ಹಚ್ಚಿದರೆ ಜಾರುತ್ತದೆ.

ನಾಟಿ ಕೋಳಿಗಳಿಗೆ ಬೇರೆ ಏರ್ಪಾಡು. ರೋಬಸ್ಟಾ ಗಿಡದ ಒಂದೂವರೆ ಇಂಚು ದಪ್ಪದ ಕೊಂಬೆ, ನಾಲ್ಕು ಅಡಿ ಉದ್ದ. ತೊಗಟೆಯ ಅಡಿಯೂ ಹೇನಿಗೆ ಒಳ್ಳೇ ಮನೆ ಅಂತ ಪೂರ್ತಿ ಸುಲಿದೆ. ಕಾಫಿ ಮರ ಗಟ್ಟಿ, ಸ್ವಲ್ಪ ಗಂಟುಗಂಟು, ಹಿಡಿತ ಚೆನ್ನಾಗಿ ಸಿಗುತ್ತದೆ. (ಕಾಂಡಕೊರಕ ಹಿಡಿದು ಕಿತ್ತ ಅರೇಬಿಕಾ ಗಿಡ ಎಷ್ಟು ಬೇಕಾದರೂ ಸಿಗುತ್ತದೆ, ಅದನ್ನು ಮಾತ್ರ ತರಬೇಡಿ. ತೂತಿನ ಕಾಟ ಒಂದು ಕಡೆ ಇರಲಿ, ಒಳಗಿನ ಹುಳು ದುಂಬಿಯಾಗಿ ಹೊರಬಂದು ಪಕ್ಕದ ಗಿಡಕ್ಕೆ ಹೋಗುತ್ತದೆ. ಅಂಥ ಗಿಡ ಸುಡುವುದೇ ಸರಿ.)

ಅಳತೆ ಹೀಗೆ ಬಂತು. ಎರಡೂ ಸಿಲ್ವರ್ ಗಳ ಒಂದೇ ಎತ್ತರಕ್ಕೆ, ನೆಲದಿಂದ ಒಂದೂವರೆ ಅಡಿ. ಒಂದೇ ಮಟ್ಟ ಇದ್ದರೆ ಮೇಲಿನ ಜಾಗಕ್ಕೆ ಜಗಳ ಇಲ್ಲ, ಕೆಳಗೆ ಕೂತವರ ಬೆನ್ನಿಗೆ ಹಿಕ್ಕೆಯೂ ಇಲ್ಲ. ಗೋಡೆಯಿಂದ ಮೊದಲ ಗಳಕ್ಕೆ ಒಂದೂಕಾಲು ಅಡಿ, ಅಲ್ಲಿಂದ ಎರಡನೆಯದಕ್ಕೆ ಮತ್ತೆ ಒಂದೂಕಾಲು ಅಡಿ. ಗೋಡೆಗೆ ಹತ್ತಿರವಾದರೆ ಬಾಲ ತಾಗಿ ಕೋಳಿ ಮುಂದಕ್ಕೆ ವಾಲಿ ಕೂರುತ್ತದೆ. ಒಂದು ಗಿರಿರಾಜಕ್ಕೆ ಒಂದು ಅಡಿ ಅಂತ ಲೆಕ್ಕ ಹಾಕಿದರೆ ಹದಿಮೂರಕ್ಕೆ ಹದಿಮೂರು ಅಡಿ, ನಮ್ಮಲ್ಲಿ ಹದಿನಾರು ಅಡಿ ಇದೆ. ಎರಡನೇ ಗಳದ ಮುಂದೆ ಮೂರೂವರೆ ಅಡಿ ನೆಲ ಖಾಲಿ. ಮೇವಿನ ತೊಟ್ಟಿ, ನೀರಿನ ಡಬ್ಬ ಎರಡೂ ಮೂಲೆಗೆ ಹೋದವು. ಎತ್ತರ ಎಷ್ಟೋ ಕಡೇಪಕ್ಷ ಅಷ್ಟಾದರೂ ಮುಂದೆ ಜಾಗ ಬೇಕು, ಆಗ ಕೋಳಿ ಓರೆಯಾಗಿ ಇಳಿಯುತ್ತದೆ. ನಮ್ಮಲ್ಲಿ ಈಗ ಎರಡರಷ್ಟಕ್ಕಿಂತ ಜಾಸ್ತಿ ಇದೆ. ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು.

ಮೊಟ್ಟೆ ಪೆಟ್ಟಿಗೆಗಳನ್ನು ಗಳಕ್ಕಿಂತ ಕೆಳಗೆ, ಇಟ್ಟಿಗೆಯ ಮೇಲೆ ಅರ್ಧ ಅಡಿಗೆ ಇಳಿಸಿದೆವು. ಗಳಕ್ಕಿಂತ ಎತ್ತರದಲ್ಲಿ ಪೆಟ್ಟಿಗೆ ಇದ್ದರೆ ಕೋಳಿ ಪೆಟ್ಟಿಗೆಯಲ್ಲೇ ಮಲಗುತ್ತದೆ. ಪೆಟ್ಟಿಗೆಯ ತಲೆಗೆ ಓರೆ ಹಲಗೆ ಹೊಡೆದೆವು, ಮೇಲೆ ಕೂರದ ಹಾಗೆ. ನಾಟಿ ಕೋಳಿಗಳ ಕಾಫಿ ಕೊಂಬೆ ಬಲಮೂಲೆಯಲ್ಲಿ ನಾಲ್ಕು ಅಡಿ ಎತ್ತರಕ್ಕೆ, ಸುತ್ತ ಮೆಟ್ಟಿಲಾಗುವ ಏನೂ ಇಲ್ಲದ ಹಾಗೆ. ಒಂದು ಗಿರಿರಾಜ ಹೇಂಟೆ ಮೊದಲ ವಾರ ಅಲ್ಲಿಗೆ ಹಾರಲು ನೋಡಿ, ಎರಡು ಸಲ ಗೋಡೆ ತಬ್ಬಿಕೊಂಡು ಜಾರಿ, ಬಿಟ್ಟುಬಿಟ್ಟಿತು.

ಗಳಕ್ಕೆ ಮೊಳೆ ಹೊಡೆಯಲಿಲ್ಲ. ಎರಡೂ ತುದಿಗೆ ಮರದ ತುಂಡಿನಲ್ಲಿ ಕಚ್ಚು ಮಾಡಿ ಅದರೊಳಗೆ ಕೂರಿಸಿದ್ದು. ಹದಿನೈದು ದಿನಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಬಹುದು. ಕಚ್ಚಿನ ಒಳಗೆ ಬೇವಿನ ಎಣ್ಣೆ ಸವರುತ್ತೇವೆ. ಹೇನು ಸೇರುವುದಿದ್ದರೆ ಅಲ್ಲೇ ಸೇರಬೇಕು, ಹಾಗಾಗಿ ಹುಡುಕುವುದೂ ಸುಲಭ. ಗಳದ ಅಡಿಯಲ್ಲಿ ಗೋಣಿ ಚೀಲ ಬಿಚ್ಚಿ ಹಾಸಿದ್ದೇವೆ. ರಾತ್ರಿಯ ಹಿಕ್ಕೆಯೆಲ್ಲ ಅದರ ಮೇಲೆ ಬೀಳುತ್ತದೆ, ಬೆಳಿಗ್ಗೆ ಎತ್ತಿ ಗೊಬ್ಬರದ ಗುಂಡಿಗೆ ಕೊಡವುತ್ತಾರೆ. ಹಸಿಯಾಗಿ ನೇರ ಮೆಣಸಿನ ಬಳ್ಳಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಕೊಳೆತ ಮೇಲೆ ಅಷ್ಟೇ.

ಕಷ್ಟವಾದದ್ದು ಅಭ್ಯಾಸ ಬದಲಿಸುವುದು. ಕೋಳಿಯದಲ್ಲ, ಚಿಕ್ಕಮ್ಮನದು. ಕೋಳಿಗಳನ್ನು ನಾಲ್ಕು ರಾತ್ರಿ ಪೆಟ್ಟಿಗೆಯಿಂದ ಎತ್ತಿ ಎತ್ತಿ ಗಳದ ಮೇಲೆ ಕೂರಿಸಿದ ಮೇಲೆ ಐದನೇ ರಾತ್ರಿ ತಾವೇ ಹತ್ತಿದವು. ಚಿಕ್ಕಮ್ಮನಿಗೆ ಮಾತ್ರ ಬಾಗಿಲು ತೆಗೆದ ಕೂಡಲೇ ನುಚ್ಚು ಎರಚದೆ ಇರಲಾಗದು. ಬಾಗಿಲು ತೆಗೆದು, ನೀರು ಬದಲಿಸಿ, ಎಲ್ಲ ಇಳಿದ ಮೇಲೆ ಹೊರಗೆ ಅಂಗಳದಲ್ಲಿ ಎರಚಿ ಅಂತ ಹೇಳಿ ಹೇಳಿ ಸಾಕಾಯಿತು. "ಅಷ್ಟೊತ್ತು ಹಸಿದು ಕೂತಿರ್ತಾವಲ್ಲೋ ಪಾಪ" ಅನ್ನುತ್ತಾರೆ. ಎರಡು ನಿಮಿಷದ ಹಸಿವು.

ಪಾದದ ಬಾವಿನದು ಬೇರೆ ಕೆಲಸ. ಚರ್ಮ ಕೆಂಪಾಗಿದ್ದ ಮೂರು ಕೋಳಿ ಗಳ ಬದಲಾದ ಮೇಲೆ ತಾವೇ ಸರಿಹೋದವು. ಹಕ್ಕಳೆ ಕಟ್ಟಿದ್ದವಕ್ಕೆ ಬೆಚ್ಚಗಿನ ಉಪ್ಪುನೀರಲ್ಲಿ ದಿನಾ ಹತ್ತು ನಿಮಿಷ ಕಾಲು ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಸುತ್ತುತ್ತಿದ್ದೆವು. ಎರಡಕ್ಕೆ ಅದು ಸಾಕಾಯಿತು. ಒಂದಕ್ಕೆ ಸಾಕಾಗಲಿಲ್ಲ, ಊತ ಬೆರಳಿನ ಕಡೆ ಏರಿತು. ಬ್ಲೇಡಿನಲ್ಲಿ ಕೊಯ್ದು ಕೀವು ತೆಗೆಯಿರಿ ಎಂದು ಸಲಹೆ ಕೊಡುವವರು ಇದ್ದರು. ನಾನು ಕೈ ಹಾಕಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರು ನೋಡಿ ಗಂಟು ತೆಗೆದು ಔಷಧಿ ಕೊಟ್ಟರು. ಔಷಧಿ ನಡೆಯುವಾಗಲೂ, ಮುಗಿದ ಮೇಲೆ ಅವರು ಹೇಳಿದಷ್ಟು ದಿನವೂ ಆ ಕೋಳಿಯ ಮೊಟ್ಟೆ ತಿನ್ನಲಿಲ್ಲ.

ಮಳೆಗಾಲದಲ್ಲಿ ಏನಾಗುತ್ತದೋ ಎಂಬ ಅಳುಕು ಇತ್ತು. ನಮ್ಮ ಕಡೆ ಆರಿದ್ರಾ ಹಿಡಿದರೆ ಆಶ್ಲೇಷದವರೆಗೂ ಹೊರಗೆ ಒಣ ನೆಲ ಕಾಣುವುದಿಲ್ಲ. ಕೋಳಿ ಒದ್ದೆ ಕಾಲಲ್ಲೇ ಗಳ ಹತ್ತುತ್ತವೆ. ಜುಲೈನಲ್ಲಿ ಒಂದು ಕಡೆ ಹೆಂಚು ಸೋರಿ ಹೊಟ್ಟು ಒದ್ದೆಯಾಗಿ, ಗೂಡೊಳಗೆ ಕಣ್ಣುರಿಯುವಷ್ಟು ಘಾಟು ಎದ್ದಿತು. ಹೊಟ್ಟು ಬದಲಿಸಿ, ಗೋಡೆಯ ಮೇಲ್ಗಡೆ, ಕೋಳಿಗಳ ತಲೆಗಿಂತ ಎತ್ತರಕ್ಕೆ ಎರಡು ಗಾಳಿಕಿಂಡಿ ಬಿಟ್ಟೆವು, ಗಾಳಿ ಆಡಲಿ, ಮೈಗೆ ನೇರ ಬೀಸದಿರಲಿ ಅಂತ. ಗಳ ಒಂದು ಕಡೆ ಸ್ವಲ್ಪ ಬೂಸಲು ಹಿಡಿದಿತ್ತು, ತಿಕ್ಕಿ ಒಲೆಯ ಹತ್ತಿರ ಒಣಗಿಸಿದರು. ಸಿಲ್ವರ್ ಮರ ಮಳೆಗಾಲಕ್ಕೆ ಅಷ್ಟೇನೂ ಗಟ್ಟಿಗ ಅಲ್ಲ. ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕಾಗಬಹುದು.

ಆಗಸ್ಟ್ ಎರಡನೇ ವಾರ ಮತ್ತೆ ಟಾರ್ಚ್ ಹಿಡಿದು ಹದಿನೇಳು ಕೋಳಿಯ ಮೂವತ್ನಾಲ್ಕು ಪಾದ ನೋಡಿದೆ. ಹೊಸ ಹಕ್ಕಳೆ ಒಂದೂ ಇಲ್ಲ. ಬಟ್ಟೆ ಒರೆಸಿದರೆ ರಕ್ತದ ಗೆರೆ ಇಲ್ಲ, ಒಂದು ಕಚ್ಚಿನಲ್ಲಿ ಮಾತ್ರ ನಾಲ್ಕಾರು ಹೇನು ಸಿಕ್ಕಿದವು. ಪೆಟ್ಟಿಗೆಯಲ್ಲಿ ಯಾರೂ ಮಲಗಿರಲಿಲ್ಲ. ಮತ್ತೆ ಗಿರಿರಾಜವನ್ನೇ ತರುತ್ತೀರಾ ಅಂತ ಚಿಕ್ಕಮ್ಮನನ್ನು ಕೇಳಿದರೆ, ಮುಂದಿನ ಸಲ ಸ್ವರ್ಣಧಾರಾ ನೋಡಬೇಕು ಅಂದರು. 2005ರಲ್ಲಿ ಬಂದ ಆ ತಳಿ ಗಿರಿರಾಜಕ್ಕಿಂತ ಸ್ವಲ್ಪ ಹಗುರ, ಮೊಟ್ಟೆ ಜಾಸ್ತಿ. ಹಗುರ ಅಂದರೂ ನಾಟಿಯಷ್ಟು ಹಗುರ ಅಲ್ಲ, ಗಳ ಮೇಲೆತ್ತುವ ಯೋಚನೆ ಬೇಡ ಅಂತ ಹೇಳಿ ಬಂದಿದ್ದೇನೆ.

ಡಾಕ್ಟರು ಗಂಟು ತೆಗೆದ ಹೇಂಟೆ ಇವತ್ತಿಗೂ ಸ್ವಲ್ಪ ಎಳೆದುಕೊಂಡೇ ನಡೆಯುತ್ತದೆ. ಒಂದೂವರೆ ಅಡಿಯೂ ಅದಕ್ಕೆ ಎತ್ತರವೇ. ಅದಕ್ಕಾಗಿ ಗೋಡೆ ಪಕ್ಕ ಮುಕ್ಕಾಲು ಅಡಿ ಎತ್ತರದ ಒಂದು ಸಿಲ್ವರ್ ಬೊಡ್ಡೆ ಇಟ್ಟಿದ್ದೇವೆ. ಸಂಜೆ ಎಲ್ಲಕ್ಕಿಂತ ಮೊದಲು ಬಂದು ಅದರ ಮೇಲೆ ಕೂರುತ್ತದೆ.